ಸಭೆ ನೋಡಿ ಆಡುವ ಮಾತು

ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಬೆಂಗಳೂರಿನಿಂದ ಬಂದವರು ನೇರವಾಗಿ ಹೋದರೆ ದಾಬಸ್‌ಪೇಟೆ, ತುಮಕೂರು, ಸಿದ್ಧಗಂಗೆ. ಎಡಕ್ಕೆ ಹೊರಳಿದರೆ ಕುಣಿಗಲ್, ಬೆಳ್ಳೂರು ಕ್ರಾಸು, ಆದಿಚುಂಚನಗಿರಿ; ಇನ್ನೂ ಮುಂದುವರಿದು ಘಟ್ಟ ಇಳಿದರೆ ಧರ್ಮಸ್ಥಳ. ಚುನಾವಣೆ ಹತ್ತಿರವಾಯಿತೆಂದು ತಿಳಿಯಲು ನಮ್ಮ ಊರಿನವರು ಪತ್ರಿಕೆ ಓದಬೇಕಾಗಿಲ್ಲ. ಈ ಕವಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಒಂದು ವಾರ ನಾಯಕರ ಕಾರುಗಳ ಸಾಲು ನೇರವಾಗಿ ಹೋಗುತ್ತದೆ, ಮರುವಾರ ಅದೇ ಸಾಲು ಎಡಕ್ಕೆ ತಿರುಗುತ್ತದೆ. ಮಠಕ್ಕೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ನಾನೂ ಹೋಗುತ್ತೇನೆ, ದಾಸೋಹದ ಪಂಕ್ತಿಯಲ್ಲಿ ಕುಳಿತು ಊಟ ಮಾಡಿ ಬರುತ್ತೇನೆ. ನನ್ನ ಕುತೂಹಲವಿರುವುದು ಬೇರೊಂದರಲ್ಲಿ. ಕಾರು ಹತ್ತುವಾಗ ನಾಯಕರ ನಾಲಗೆಯ ಮೇಲಿದ್ದ ಮಾತು ಕಾರು ಇಳಿಯುವಾಗಲೂ ಅದೇ ಆಗಿರುತ್ತದೆಯೆ?

ನಮ್ಮ ತಾಲ್ಲೂಕಿನ ಶಿವಗಂಗೆಯಲ್ಲಿ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆ ಉಂಟು. ಒಮ್ಮೆ ಕಾಯಿಸಿದ್ದು ಮರಳಿ ಬೆಣ್ಣೆಯಾಗುವುದು ದೇವರ ಮಹಿಮೆಯೆಂದು ಭಕ್ತರು ಹೇಳುತ್ತಾರೆ. ರಾಜಕಾರಣಿಯ ಕರಗಿದ ಮಾತು ಮತ್ತೆ ಹೆಪ್ಪುಗಟ್ಟುವುದಕ್ಕೆ ಮಾತ್ರ ತೀರ ಲೌಕಿಕವಾದ ಕಾರಣಗಳಿವೆ. ಅಂಥ ಒಂದು ಮಾತಿನ ಚರಿತ್ರೆಯನ್ನು ಇವತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೆ ಎಂಬ ಪ್ರಶ್ನೆಗೆ ನಮ್ಮ ನಾಯಕರು ಕೊಡುತ್ತ ಬಂದಿರುವ ಉತ್ತರಗಳೇ ಆ ಚರಿತ್ರೆ.

ಇಂಥ ವಿಷಯ ನಿವೃತ್ತನಾದ ಕನ್ನಡ ಮೇಷ್ಟ್ರಿಗೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸುತ್ತಿತ್ತು. 2022ರ ಮಳೆಗಾಲದಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಈ ಕಡೆಯ ಹಳ್ಳಿಯವನೇ. ಓದಿ, ಬೆಂಗಳೂರಿನಲ್ಲಿ ಕೆಲಸ ಹಿಡಿದು ಹದಿನೈದು ವರ್ಷಗಳಾಗಿದ್ದುವು. ಅವನೂ ಅವನ ಗೆಳೆಯನೂ ಒಂದೇ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಸಂಸಾರ ನಡೆಸುತ್ತಿದ್ದರು. ‘ಸಂಸಾರ’ ಎಂಬ ಮಾತು ಅವನದೇ. ಅದನ್ನು ಆಡುವಾಗ ನನ್ನ ಮುಖವನ್ನು ಅವನು ಪರೀಕ್ಷಿಸಿದ್ದು ನನಗೆ ನೆನಪಿದೆ. ಗೆಳೆಯನಿಗೆ ಎದೆನೋವು ಬಂದು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿತಂತೆ. ಒಪ್ಪಿಗೆಯ ಕಾಗದಕ್ಕೆ ಇವನು ಸಹಿ ಹಾಕಹೊರಟಾಗ ‘ರೋಗಿಗೂ ನಿಮಗೂ ಏನು ಸಂಬಂಧ?’ ಎಂದು ಕೇಳಿದರು. ಸ್ನೇಹಿತ ಎಂದ. ಸ್ನೇಹಿತರ ಸಹಿ ನಡೆಯುವುದಿಲ್ಲ, ಮನೆಯವರನ್ನು ಕರೆಸಿ ಎಂದರು. ಎಂಟು ವರ್ಷಗಳಿಂದ ಮಾತುಬಿಟ್ಟಿದ್ದ ಅಣ್ಣ ಊರಿನಿಂದ ಬರುವವರೆಗೂ, ಅಂದರೆ ಮರುದಿನ ಹತ್ತು ಗಂಟೆಯವರೆಗೂ, ಆ ಕಾಗದ ಹಾಗೆಯೇ ಇತ್ತು. ಗೆಳೆಯ ಬದುಕಿದ. ಇವನು ನನ್ನನ್ನು ಕೇಳಿದ ಪ್ರಶ್ನೆ ಇಷ್ಟೆ: “ಮೇಷ್ಟ್ರೇ, ಸಂಬಂಧ ಅನ್ನೋ ಜಾಗದಲ್ಲಿ ನಾನು ಏನು ಬರೀಬೇಕಾಗಿತ್ತು?” ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನ್ನಲ್ಲಿ ಆ ಖಾಲಿ ಜಾಗಕ್ಕೆ ಒಂದು ಪದ ಇರಲಿಲ್ಲ.

ಪದ ಕೊಡಬೇಕಾದದ್ದು ಕಾನೂನು. ಕಾನೂನಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1860ರಲ್ಲಿ ಬ್ರಿಟಿಷರು ತಂದ ದಂಡಸಂಹಿತೆಯ 377ನೆಯ ಕಲಮು ಇಂಥವರ ಸಂಬಂಧವನ್ನು ಅಪರಾಧವೆಂದು ಕರೆದಿತ್ತು. 2009ರ ಜುಲೈ 2ರಂದು ದೆಹಲಿಯ ಉಚ್ಚ ನ್ಯಾಯಾಲಯ, ವಯಸ್ಕರು ಒಪ್ಪಿ ನಡೆಸುವ ಖಾಸಗಿ ಬಾಳಿಗೆ ಅದು ಅನ್ವಯಿಸದೆಂದಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠ ತನ್ನ ಹಿಂದಿನ ಮಾತನ್ನು ತಿದ್ದಿಕೊಂಡಿತು. ಅಪರಾಧವಲ್ಲವೆಂದಾಯಿತು, ಹಾಗಾದರೆ ಏನು? ಮದುವೆಯ ಹಕ್ಕನ್ನು ಕೇಳಿ ಬಂದ ಅರ್ಜಿಗಳನ್ನು, ಅವುಗಳಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರದೂ ಒಂದು, 2023ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೇಳಿದ ಸರ್ವೋಚ್ಚ ನ್ಯಾಯಾಲಯ ಆ ವರ್ಷದ ಅಕ್ಟೋಬರ್ 17ರಂದು ತೀರ್ಪು ಕೊಟ್ಟಿತು. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಇದನ್ನು ಶಾಸನಸಭೆಗಳೇ ತೀರ್ಮಾನಿಸಬೇಕು ಎಂಬುದು ಆ ತೀರ್ಪಿನ ಸಾರ. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದುವು. ಆದ್ದರಿಂದ ನನ್ನ ವಿದ್ಯಾರ್ಥಿಯ ಖಾಲಿ ಜಾಗ ಈಗ ನ್ಯಾಯಾಧೀಶರ ಮುಂದಿಲ್ಲ. ಓಟು ಕೇಳಲು ಬರುವವರ ಮುಂದಿದೆ. ಅವರ ಮಾತಿಗೆ ಬೆಲೆ ಎಷ್ಟೆಂದು ತೂಗಿ ನೋಡಬೇಕಾಗಿರುವುದು ಇದಕ್ಕಾಗಿಯೇ.

ಮೊದಲು ನಮ್ಮವರಿಂದಲೇ ಆರಂಭಿಸೋಣ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನವರಾದ ದತ್ತಾತ್ರೇಯ ಹೊಸಬಾಳೆಯವರು ಸಾಹಿತ್ಯವನ್ನು ಓದಿದವರು, ಕನ್ನಡದಲ್ಲಿ ‘ಅಸೀಮಾ’ ಎಂಬ ಮಾಸಪತ್ರಿಕೆಯನ್ನು ನಡೆಸಿದವರು. ರಾಷ್ಟ್ರೀಯ ಸ್ವಯಂಸೇವಕ ಸಂಘದ ಹಿರಿಯ ಪದಾಧಿಕಾರಿಗಳಾಗಿ 2016ರ ಮಾರ್ಚ್‌ನಲ್ಲಿ ದೆಹಲಿಯ ಒಂದು ಪತ್ರಿಕಾ ಸಂಸ್ಥೆಯ ಸಭೆಯಲ್ಲಿ ಮಾತನಾಡುತ್ತ, ಇನ್ನೊಬ್ಬರ ಬಾಳಿಗೆ ತೊಂದರೆಯಾಗದಿದ್ದರೆ ಸಲಿಂಗ ಪ್ರೇಮವನ್ನು ಅಪರಾಧವೆಂದು ಎಣಿಸಬೇಕಾಗಿಲ್ಲ, ಅದು ಅವರವರ ಖಾಸಗಿ ವಿಷಯ ಎಂಬರ್ಥದ ಮಾತನ್ನು ಹೇಳಿದರು. ಅಲ್ಲಿ ಕುಳಿತಿದ್ದವರು ಇಂಗ್ಲಿಷ್ ಬಲ್ಲ, ಹೊಸ ಕಾಲದ ಶ್ರೋತೃಗಳು. ಮರುದಿನ ಟ್ವಿಟರಿನಲ್ಲಿ ವಿವರಣೆ ಬಂತು: ಶಿಕ್ಷೆ ಬೇಡ, ಆದರೆ ಅದು ಸಾಮಾಜಿಕವಾಗಿ ಅನೈತಿಕ, ಮಾನಸಿಕ ಸಮಸ್ಯೆಯೆಂದು ಕಾಣಬೇಕು, ಅಂಥವರ ಮದುವೆಯನ್ನಂತೂ ನಿಷೇಧಿಸಬೇಕು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಮನಸ್ಸು ಬದಲಾಯಿತೊ, ಮೊದಲೇ ಮನಸ್ಸಿನಲ್ಲಿ ಎರಡೂ ಇದ್ದುವೊ, ಯಾರು ಏನೆಂದರೊ, ಅದನ್ನು ಅವರೇ ಬಲ್ಲರು. ಕಣ್ಣಿಗೆ ಕಾಣುವುದು ಇಷ್ಟು: ಮೊದಲ ಮಾತು ಒಂದು ಸಭೆಗೆ ಸಂದಿತು, ಎರಡನೆಯದು ಇನ್ನೊಂದು ಸಭೆಗೆ. ಅವರು ಚುನಾವಣೆಗೆ ನಿಲ್ಲುವವರಲ್ಲವೆಂಬುದು ನಿಜ. ಆದರೆ ನಿಲ್ಲುವವರು ಅನೇಕರು ಅವರ ಮಾತಿಗೆ ಕಿವಿಗೊಡುತ್ತಾರೆ.

2023ರ ಜನವರಿಯಲ್ಲಿ ಸಂಘದ ಮುಖ್ಯಸ್ಥರಾದ ಮೋಹನ ಭಾಗವತರು ಸಂದರ್ಶನವೊಂದರಲ್ಲಿ, ಇಂಥವರಿಗೂ ಸಮಾಜದಲ್ಲಿ ತಮ್ಮದೇ ಆದ ಜಾಗ ಇರಬೇಕೆಂದು ಹೇಳಿ, ಜರಾಸಂಧನ ಸೇನಾಪತಿಗಳಾದ ಹಂಸ ಡಿಂಭಕರ ಕಥೆಯನ್ನು ನೆನೆದರು. ಕಾವ್ಯಾಭ್ಯಾಸಿಯಾದ ನನಗೆ ಇಲ್ಲಿ ಒಂದು ಮಾತು ಸೇರಿಸದಿರಲು ಆಗದು. ಸಭಾಪರ್ವದಲ್ಲಿ ಬರುವುದು ಒಬ್ಬನು ಸತ್ತನೆಂಬ ಸುದ್ದಿ ಕೇಳಿ ಇನ್ನೊಬ್ಬನು ಯಮುನೆಗೆ ಹಾರಿದ ಕಥೆ. ಅದು ತಿಳಿದು ಮೊದಲನೆಯವನೂ ಹಾರಿದ. ಹರಿವಂಶದಲ್ಲಿ ಅವರಿಬ್ಬರೂ ಅಣ್ಣತಮ್ಮಂದಿರು. ಆ ಕಥೆ ಹೊರಬಹುದಾದ ಭಾರವೆಷ್ಟು ಎಂಬ ಚರ್ಚೆ ಹಾಗಿರಲಿ, ಕಥೆಯಲ್ಲಿ ಅವರಿಗೆ ಜಾಗ ಕೊಟ್ಟದ್ದು ಸಂತೋಷವೇ. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ, ಮಾರ್ಚ್‌ನಲ್ಲಿ, ಮದುವೆ ಗಂಡು ಹೆಣ್ಣುಗಳ ನಡುವೆ ಮಾತ್ರ ಎಂಬ ಕೇಂದ್ರ ಸರ್ಕಾರದ ನಿಲುವಿಗೆ ಸಂಘ ಸಮ್ಮತಿ ಸೂಚಿಸಿತು. ಆ ಮಾತನ್ನು ಆಡಿದವರು, ಆ ಹೊತ್ತಿಗೆ ಸಂಘದ ಸರಕಾರ್ಯವಾಹರಾಗಿದ್ದ ಹೊಸಬಾಳೆಯವರು. ಪುರಾಣದಲ್ಲಿ ಜಾಗವುಂಟು, ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಇಲ್ಲ.

ಪಕ್ಷಗಳ ಕಡೆ ಬಂದರೆ ನೋಟ ಇನ್ನೂ ವಿಚಿತ್ರ. 2008ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ, ಕಾಂಗ್ರೆಸ್ ಮುಂದಾಳಾಗಿದ್ದ ಒಂದೇ ಸರ್ಕಾರದ ಎರಡು ಇಲಾಖೆಗಳು ಎರಡು ಮಾತನಾಡಿದುವು: ಆರೋಗ್ಯ ಇಲಾಖೆ ಆ ಕಲಮು ಹೋಗಲೆಂದಿತು, ಗೃಹ ಇಲಾಖೆ ಇರಲೆಂದಿತು. 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸರ್ಕಾರದ ವಕೀಲರು ಇದು ಪರಮ ಅನೈತಿಕವೆಂದು ವಾದಿಸಿದರೆ, ಅದೇ ದಿನ ಸರ್ಕಾರ ‘ಅದು ನಮ್ಮ ಮಾತಲ್ಲ’ ಎಂದು ಹೇಳಿಕೆ ಕೊಟ್ಟಿತು. 2013ರ ತೀರ್ಪು ಬಂದಾಗ ಸೋನಿಯಾ ಗಾಂಧಿಯವರು ಬೇಸರ ವ್ಯಕ್ತಪಡಿಸಿದರು. ಭಾರತೀಯ ಜನತಾ ಪಕ್ಷದ ಆಗಿನ ಅಧ್ಯಕ್ಷರಾದ ರಾಜನಾಥ ಸಿಂಗರು ಇದು ನಿಸರ್ಗಕ್ಕೆ ವಿರುದ್ಧವೆಂದು, 377ನ್ನು ತಮ್ಮ ಪಕ್ಷ ಬೆಂಬಲಿಸುವುದೆಂದು ಹೇಳಿದರು. 2015ರ ನವೆಂಬರ್‌ನಲ್ಲಿ ಅದೇ ಪಕ್ಷದ ಅರುಣ್ ಜೇಟ್ಲಿಯವರು ಸಾಹಿತ್ಯೋತ್ಸವವೊಂದರಲ್ಲಿ ಆ ತೀರ್ಪನ್ನು ನ್ಯಾಯಾಲಯ ಪುನರ್ವಿಮರ್ಶಿಸಬೇಕೆಂದರು. ಮರುತಿಂಗಳೇ ಶಶಿ ತರೂರರು 377ನ್ನು ತಿದ್ದುವ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಹೊರಟಾಗ, ಚರ್ಚೆಯ ಮಾತಿರಲಿ, ಮಂಡಿಸಲಿಕ್ಕೇ ಅನುಮತಿ ದೊರೆಯಲಿಲ್ಲ. ಪರವಾಗಿ 24, ವಿರುದ್ಧವಾಗಿ 71. ಲೋಕಸಭೆಯ ಸದಸ್ಯರು ಐನೂರಕ್ಕೂ ಹೆಚ್ಚು. ಉಳಿದವರೆಲ್ಲ ಎಲ್ಲಿದ್ದರು? ಗೈರುಹಾಜರಿಯೂ ಒಂದು ನಿಲುವೇ. ಖರ್ಚಿಲ್ಲದ್ದು, ಮುಂದೆ ಯಾವ ಕಡೆಗಾದರೂ ತಿರುಗಿಸಿಕೊಳ್ಳಬಹುದಾದದ್ದು. 2018ರಲ್ಲಿ ಕೇಂದ್ರ ಸರ್ಕಾರ 377ರ ಪ್ರಶ್ನೆಯನ್ನು ನ್ಯಾಯಾಲಯದ ವಿವೇಕಕ್ಕೆ ಬಿಟ್ಟಿತು. ಅದರ ಪುಣ್ಯವೂ ಬೇಡ ಪಾಪವೂ ಬೇಡ ಎಂಬ ಜಾಣತನವದು. ಐದು ವರ್ಷಗಳ ಮೇಲೆ ಮದುವೆಯ ಪ್ರಶ್ನೆ ಬಂದಾಗ ಮಾತ್ರ ಗಂಡ, ಹೆಂಡತಿ, ಮಕ್ಕಳು ಇದೇ ಭಾರತೀಯ ಕುಟುಂಬವೆಂದು ದೀರ್ಘವಾದ ಪ್ರಮಾಣಪತ್ರ ಸಲ್ಲಿಸಿತು.

ಇನ್ನು 2023ರ ಮೇ 10ರ ಮಾತು. ನಮ್ಮ ರಾಜ್ಯದಲ್ಲಿ ಅಂದು ವಿಧಾನಸಭೆಗೆ ಮತದಾನ. ನಾನು ಬೆಳಿಗ್ಗೆಯೇ ಸರದಿಯಲ್ಲಿ ನಿಂತು ಓಟು ಹಾಕಿ ಬಂದೆ. ಆ ಸಲದ ಪ್ರಚಾರದ ಕಡೆಯ ವಾರವೆಲ್ಲ ಬಜರಂಗದಳ, ಬಜರಂಗಬಲಿ ಎಂಬ ಮಾತುಗಳಲ್ಲೇ ಕಳೆದುಹೋದದ್ದು ನಿಮಗೆ ನೆನಪಿರಬಹುದು. ಅದೇ ದಿನ ದೆಹಲಿಯಲ್ಲಿ ಕೇಂದ್ರ ಸರ್ಕಾರದ ವಕೀಲರು ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ವಿಷಯ ತಿಳಿಸಿದರು: ಸಲಿಂಗ ವಿವಾಹದ ಬಗ್ಗೆ ರಾಜ್ಯಗಳ ಅಭಿಪ್ರಾಯ ಕೇಳಿದ್ದೆವು, ಏಳು ರಾಜ್ಯಗಳು ಉತ್ತರಿಸಿವೆ. ಕರ್ನಾಟಕದ ಹೆಸರು ಆ ಏಳರಲ್ಲಿರಲಿಲ್ಲ. ಮಹಾರಾಷ್ಟ್ರ, ಉತ್ತರಪ್ರದೇಶ, ಮಣಿಪುರ, ಸಿಕ್ಕಿಂ ಕಾಲಾವಕಾಶ ಕೇಳಿದುವು. ವಿರೋಧಿಸಿದವು ಮೂರು. ಅಸ್ಸಾಮಿನಲ್ಲಿ ಭಾಜಪದ ಸರ್ಕಾರ, ಅದು ನಿರೀಕ್ಷಿತ. ಎರಡನೆಯದು ರಾಜಸ್ಥಾನ. ಅಲ್ಲಿ ಕಾಂಗ್ರೆಸ್ಸಿನ ಸರ್ಕಾರವಿತ್ತು, ನವೆಂಬರಿನಲ್ಲಿ ಚುನಾವಣೆ ಕಾದಿತ್ತು. ಸಮಾಜದ ಸಮತೋಲ ಕೆಡುತ್ತದೆಂದು ಅದು ಬರೆಯಿತು. ಒಂದು ವರ್ಷ ತುಂಬುವ ಮೊದಲೇ, 2024ರ ಏಪ್ರಿಲ್‌ನಲ್ಲಿ ಅದೇ ಪಕ್ಷದ ರಾಷ್ಟ್ರೀಯ ಪ್ರಣಾಳಿಕೆ, ವಿಸ್ತಾರವಾದ ಸಮಾಲೋಚನೆಯ ಬಳಿಕ ಇಂಥ ಜೋಡಿಗಳ ‘ಸಿವಿಲ್ ಯೂನಿಯನ್’ ಅನ್ನು, ಎಂದರೆ ಮದುವೆಯೆಂಬ ಹೆಸರಿಲ್ಲದೆ ಜೊತೆಬಾಳನ್ನು ಗುರುತಿಸುವ ಏರ್ಪಾಡನ್ನು, ಕಾನೂನಾಗಿ ತರುವುದಾಗಿ ಹೇಳಿತು. ಜಯಪುರದ ಕಾಗದವೂ ದೆಹಲಿಯ ಪುಸ್ತಕವೂ ಒಂದೇ ಪಕ್ಷದವೆಂದು ಓದುಗನು ನೆನಪಿಟ್ಟುಕೊಳ್ಳಬಾರದು, ಅಷ್ಟೆ.

ಮೂರನೆಯದು ನಮ್ಮ ನೆರೆಯ ಆಂಧ್ರ. ಅವರ ಉತ್ತರ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಂಡಿತು, ಏಕೆಂದರೆ ತಾವು ಯಾರನ್ನು ಕೇಳಿ ತೀರ್ಮಾನಿಸಿದೆವೆಂಬುದನ್ನು ಅವರು ಮುಚ್ಚಿಡಲಿಲ್ಲ: ರಾಜ್ಯದ ವಿವಿಧ ಧರ್ಮಗಳ ಮುಖ್ಯಸ್ಥರನ್ನು ವಿಚಾರಿಸಿದೆವು, ಆದ್ದರಿಂದ ವಿರೋಧಿಸುತ್ತೇವೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಖ್ಯಸ್ಥರನ್ನು ಕೇಳಿದರೆ ಭಕ್ತರನ್ನು ಕೇಳಿದಂತಾಯಿತೆಂದು ಸರ್ಕಾರ ಎಣಿಸಿತು. ಭಕ್ತರನ್ನು ಕೇಳಿದರೆ ಮತದಾರರನ್ನು ಕೇಳಿದಂತಾಯಿತೆಂದು ಎಣಿಸಿತು. ಯಾರ ಬಾಳಿನ ಪ್ರಶ್ನೆಯೋ ಅವರೂ ಯಾವುದೋ ಧರ್ಮದ ಭಕ್ತರೇ, ಅವರ ತಾಯಿತಂದೆಗಳೂ ಮತದಾರರೇ ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ. ನನ್ನ ಆ ವಿದ್ಯಾರ್ಥಿ ವರ್ಷಕ್ಕೊಮ್ಮೆ ಶಿವಗಂಗೆಯ ಬೆಟ್ಟ ಹತ್ತುವವನು. ಅವನನ್ನು ‘ಧಾರ್ಮಿಕ ಮತದಾರ’ ಎಂದು ಯಾವ ಪಕ್ಷವೂ ಎಣಿಸುವುದಿಲ್ಲ.

ಧರ್ಮಗುರುಗಳ ವಿಷಯದಲ್ಲಿ ಒಂದು ಸೋಜಿಗವನ್ನೂ ಹೇಳಬೇಕು. 2009ರ ತೀರ್ಪನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಒಬ್ಬ ಜ್ಯೋತಿಷಿ, ಕ್ರೈಸ್ತ ಸಂಘಟನೆಗಳು, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಎಲ್ಲರೂ ಇದ್ದರು. 2023ರಲ್ಲಿ ಜಮೀಯತ್ ಉಲಮಾ-ಇ-ಹಿಂದ್ ಮತ್ತು ವಿಶ್ವ ಹಿಂದೂ ಪರಿಷತ್ತು ಒಂದೇ ಕಡೆ ನಿಂತುವು. ಉಳಿದ ಎಲ್ಲ ವಿಷಯಗಳಲ್ಲೂ ಜಗಳವಾಡುವವರು ಒಂದಾಗಲು ಇಂಥ ಒಂದು ವಿಷಯವೇ ಬೇಕಾಯಿತಲ್ಲ!

ಸಭೆ ನೋಡಿ ಮಾತನಾಡುವುದು ನಮ್ಮವರ ವಿಶೇಷ ವಿದ್ಯೆಯೇನೂ ಅಲ್ಲ. ಅಮೆರಿಕದಲ್ಲಿ 1996ರ ಸೆಪ್ಟೆಂಬರ್‌ನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ, ಅಧ್ಯಕ್ಷ ಕ್ಲಿಂಟನ್ ಮದುವೆಯೆಂದರೆ ಗಂಡು ಹೆಣ್ಣಿನದೆಂಬ ಕಾನೂನಿಗೆ ಸಹಿ ಹಾಕಿದರು. ಹಾಕಿದ್ದು ನಡುರಾತ್ರಿಯ ಹೊತ್ತಿನಲ್ಲಿ, ಛಾಯಾಗ್ರಾಹಕರಿಲ್ಲದೆ. ಆದರೆ ಮುಂದಿನ ತಿಂಗಳು ಕ್ರೈಸ್ತ ರೇಡಿಯೋ ಕೇಂದ್ರಗಳಲ್ಲಿ ಆ ಸಹಿಯನ್ನು ಹೊಗಳುವ ಅವರ ಪ್ರಚಾರದ ಜಾಹೀರಾತು ಕೇಳಿಸಿತು. ರೇಡಿಯೋದಲ್ಲಿ ಮಾತನಾಡುವವನಾದ್ದರಿಂದ ಈ ವಿವರ ನನಗೆ ವಿಶೇಷವಾಗಿ ನಾಟಿತು. 2013ರಲ್ಲಿ ಅವರೇ ಪತ್ರಿಕೆಗೆ ಬರೆದು, ಆ ಕಾನೂನು ಸಂವಿಧಾನಕ್ಕೆ ಹೊಂದುವುದಿಲ್ಲವೆಂದರು. ಒಬಾಮರ ಕಥೆ ಇನ್ನೂ ಸೂಕ್ಷ್ಮ. 1996ರಲ್ಲಿ ಷಿಕಾಗೋದ ಒಂದು ಪತ್ರಿಕೆಯ ಪ್ರಶ್ನಾವಳಿಗೆ ಅವರು ಸಲಿಂಗ ವಿವಾಹದ ಪರವೆಂದು ಉತ್ತರಿಸಿದ್ದರು. 2008ರ ಆಗಸ್ಟ್‌ನಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಿ, ಕ್ಯಾಲಿಫೋರ್ನಿಯಾದ ದೊಡ್ಡ ಚರ್ಚೊಂದರಲ್ಲಿ ಪಾದ್ರಿಯ ಎದುರಿಗೆ ಕುಳಿತು, ಕ್ರೈಸ್ತನಾದ ತನಗೆ ಮದುವೆ ಗಂಡು ಹೆಣ್ಣುಗಳ ಪವಿತ್ರ ಬಂಧನವೆಂದರು. 2012ರ ಮೇ ತಿಂಗಳಲ್ಲಿ ಮತ್ತೆ ಪರವಾದರು. ಅವರ ಆಪ್ತ ಸಲಹೆಗಾರರಾಗಿದ್ದ ಡೇವಿಡ್ ಆಕ್ಸೆಲ್‌ರಾಡ್ 2015ರ ತಮ್ಮ ಪುಸ್ತಕದಲ್ಲಿ, ಕಪ್ಪು ಜನರ ಚರ್ಚುಗಳ ವಿರೋಧಕ್ಕೆ ಹೆದರಿ ನಿಲುವನ್ನು ಮರೆಮಾಚಿದ್ದೆವೆಂದು ಬರೆದರು. ಒಬಾಮ ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. 1996ರಿಂದ 2012ರವರೆಗೆ ಹದಿನಾರು ವರ್ಷ. ಹೃದಯ ಇದ್ದಲ್ಲೇ ಇತ್ತು, ನಾಲಗೆ ಮಾತ್ರ ಊರೆಲ್ಲ ಸುತ್ತಿ ಬಂತು ಎಂದುಕೊಂಡರೂ, ಆ ಹದಿನಾರು ವರ್ಷಗಳಲ್ಲಿ ಎಷ್ಟು ಆಸ್ಪತ್ರೆಗಳಲ್ಲಿ ಎಷ್ಟು ಕಾಗದಗಳು ಸಹಿಯಿಲ್ಲದೆ ಉಳಿದಿರಬಹುದು!

ಮದುವೆಯ ಕಾನೂನು, ಮತದಾರ, ಧರ್ಮ ಇವು ಮೂರೂ ಕೂಡಿದಲ್ಲೆಲ್ಲ ನಮ್ಮ ದೇಶದಲ್ಲೂ ಹಿಂದೆ ಇದೇ ನಡೆದಿದೆ. 1951ರಲ್ಲಿ ಅಂಬೇಡ್ಕರರು ಹಿಂದೂ ಸಂಹಿತೆಯ ಮಸೂದೆಗಾಗಿ ಸೆಣಸುತ್ತಿದ್ದಾಗ, ಹೆಣ್ಣಿಗೆ ವಿಚ್ಛೇದನ, ಆಸ್ತಿಯ ಹಕ್ಕು ಎಂದರೆ ಧರ್ಮ ಮುಳುಗಿತೆಂಬ ಕೂಗು ಎದ್ದಿತ್ತು. ಮೊದಲ ಸಾರ್ವತ್ರಿಕ ಚುನಾವಣೆ ಎದುರಿಗಿತ್ತು. ಮಸೂದೆಯ ನಾಲ್ಕು ಕಲಮುಗಳಾದ ಮೇಲೆ ಅದನ್ನು ಕೈಬಿಡಲಾಯಿತು. ಇತರ ಕಾರಣಗಳ ಜೊತೆಗೆ ಇದೂ ಸೇರಿ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರರು ರಾಜೀನಾಮೆ ಕೊಟ್ಟರು. 1985ರ ಏಪ್ರಿಲ್‌ನಲ್ಲಿ ಶಾ ಬಾನೋ ಮೊಕದ್ದಮೆಯ ತೀರ್ಪು ಬಂದಾಗ, ರಾಜೀವ್ ಗಾಂಧಿಯವರ ಸರ್ಕಾರ ಮೊದಲು ತನ್ನ ಮಂತ್ರಿ ಆರಿಫ್ ಮೊಹಮ್ಮದ್ ಖಾನರಿಂದ ಲೋಕಸಭೆಯಲ್ಲಿ ಅದನ್ನು ಸಮರ್ಥಿಸಿತು. ಡಿಸೆಂಬರಿನ ಉಪಚುನಾವಣೆಗಳಲ್ಲಿ ಪೆಟ್ಟು ತಿಂದ ಮೇಲೆ, 1986ರಲ್ಲಿ ಅದೇ ತೀರ್ಪನ್ನು ಮೊಟಕುಮಾಡುವ ಕಾನೂನು ತಂದಿತು. ಖಾನರು ಮಂತ್ರಿಪದವಿ ಬಿಟ್ಟರು. ಈ ಎರಡು ರಾಜೀನಾಮೆಗಳನ್ನು ನಾನು ಬೇಕೆಂದೇ ಜೊತೆಗಿಟ್ಟು ಹೇಳುತ್ತಿದ್ದೇನೆ. ಮಾತನ್ನು ಉಳಿಸಿಕೊಂಡವರು ಖುರ್ಚಿಯನ್ನು ಉಳಿಸಿಕೊಳ್ಳಲಿಲ್ಲ.

ಹಾಗೆ ನೋಡಿದರೆ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ತಡೆಯುವ ಕಾಯಿದೆ ಬಂದಿತು. ಸಂಪ್ರದಾಯಸ್ಥರ ವಿರೋಧವಿದ್ದೂ ಬಂದಿತು. ದಿವಾನರು ಯಾರ ಓಟನ್ನೂ ಕೇಳಬೇಕಾಗಿರಲಿಲ್ಲ. ಹಾಗಾದರೆ ಓಟಿನ ರಾಜ್ಯದಲ್ಲಿ ಇಂಥದು ಆಗುವುದೇ ಇಲ್ಲವೆನ್ನೋಣವೆ? ಓಟಿಲ್ಲದ ಅರಸರೂ ಹೆದರಿದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ, ಸನಾತನಿಗಳ ದೂರಿಗೆ ಕಿವಿಗೊಟ್ಟು ಬಿಜ್ಜಳ ಆ ತಂದೆಯರಿಬ್ಬರಿಗೂ ಕ್ರೂರ ಶಿಕ್ಷೆ ವಿಧಿಸಿದನೆಂದು ಶರಣರ ಕಥೆಗಳು ಹೇಳುತ್ತವೆ. ಬಸವಣ್ಣನವರನ್ನು ಭಂಡಾರದ ಪದವಿಗೇರಿಸಿದ್ದ ಬಿಜ್ಜಳನೇ ಅವನು. ಗಿರೀಶ ಕಾರ್ನಾಡರು 1990ರಲ್ಲಿ ‘ತಲೆದಂಡ’ ಬರೆದಾಗ ಆ ಮದುವೆಯನ್ನೇ ನಾಟಕದ ಗಂಟಾಗಿ ಹಿಡಿದದ್ದು ಸುಮ್ಮನೆ ಅಲ್ಲ. ಕೂಡಬಾರದೆಂದು ಸಮಾಜ ಹೇಳಿದ ಇಬ್ಬರು ಕೂಡಿದಾಗ ಆಳುವವನು ಏನು ಮಾಡುತ್ತಾನೆಂಬುದು ನಮಗೆ ಹೊಸ ಪ್ರಶ್ನೆಯಲ್ಲ.

ಆದರೂ ಓಟಿನ ಭಯ ಎಷ್ಟರಮಟ್ಟಿಗೆ ನಿಜ? ಮಸೂದೆ ಕೈಬಿಟ್ಟ ನೆಹರೂ ಅವರು ಮೊದಲ ಚುನಾವಣೆಯಲ್ಲಿ ಅಲಹಾಬಾದಿನ ಕಡೆಯಿಂದ ನಿಂತಾಗ ಅವರ ಎದುರಾಳಿ ಪ್ರಭುದತ್ತ ಬ್ರಹ್ಮಚಾರಿ ಎಂಬ ಸನ್ಯಾಸಿ. ಹಿಂದೂ ಸಂಹಿತೆಯ ವಿರೋಧವೇ ಆತನ ಮುಖ್ಯ ಬಂಡವಾಳ. ಗಂಗಾತೀರದ ಆ ಧರ್ಮ ಭೀರುಗಳಾದ ಮತದಾರರು ಸನ್ಯಾಸಿಯನ್ನು ಸೋಲಿಸಿ ನೆಹರೂ ಅವರನ್ನು ಗೆಲ್ಲಿಸಿದರು. ಆಮೇಲೆ 1955-56ರಲ್ಲಿ ಆ ಕಾನೂನುಗಳು ತುಂಡುತುಂಡಾಗಿ ಬಂದುವು. 1995ರವರೆಗೂ ವಿಚ್ಛೇದನವನ್ನೇ ಒಪ್ಪದಿದ್ದ ಕ್ಯಾಥೊಲಿಕ್ ಐರ್ಲೆಂಡಿನಲ್ಲಿ 2015ರ ಮೇ 22ರಂದು ಜನರನ್ನೇ ಕೇಳಿದಾಗ ನೂರಕ್ಕೆ 62 ಮಂದಿ ಸಲಿಂಗ ವಿವಾಹಕ್ಕೆ ಒಪ್ಪಿದರು. ಎಲ್ಲ ಕಡೆಯೂ ಹೀಗೆಯೇ ಆಗುತ್ತದೆಂದು ಹೇಳಿದರೆ ನಾನೂ ಸಭೆ ನೋಡಿ ಮಾತನಾಡಿದಂತಾಗುತ್ತದೆ. 2008ರ ನವೆಂಬರ್‌ನಲ್ಲಿ ಒಬಾಮರನ್ನು ಗೆಲ್ಲಿಸಿದ ಅದೇ ದಿನ ಕ್ಯಾಲಿಫೋರ್ನಿಯಾದ ಮತದಾರರು ಅಂಥ ಮದುವೆಗಳನ್ನು ತಡೆಯುವ ತಿದ್ದುಪಡಿಗೂ ಬಹುಮತ ಕೊಟ್ಟರು. ಮತದಾರ ಯಾರ ಕಿಸೆಯಲ್ಲೂ ಇಲ್ಲ. ಅವನನ್ನು ಕೇಳುವ ಮೊದಲೇ ಅವನ ಉತ್ತರ ತಮಗೆ ಗೊತ್ತೆಂದು ನಾಯಕರು ನಟಿಸುತ್ತಾರೆ.

ಮನಸ್ಸು ಬದಲಾಗುವುದು ದೋಷವಲ್ಲ; ಬದಲಾಗದ ಮನಸ್ಸಿಗೆ ಕಲ್ಲು ಎನ್ನುತ್ತೇವೆ. ಸರ್ವೋಚ್ಚ ನ್ಯಾಯಾಲಯವೇ ಐದು ವರ್ಷಗಳಲ್ಲಿ ಬದಲಾಯಿತು, ಬದಲಾದದ್ದೇಕೆಂದು ನೂರಾರು ಪುಟಗಳಲ್ಲಿ ಕಾರಣ ಬರೆಯಿತು. ರಾಜಕಾರಣಿ ಬದಲಾದಾಗ ಕಾರಣದ ಪುಟ ಸಿಗುವುದಿಲ್ಲ. ಹಿಂದೆ ಆಡಿದ್ದನ್ನು ತಪ್ಪೆಂದು ಒಪ್ಪುವುದಿಲ್ಲ. ‘ನನ್ನ ಮಾತನ್ನು ತಿರುಚಲಾಗಿದೆ’ ಎಂಬ ಒಂದು ಸಾಲು ಮಾತ್ರ ಬರುತ್ತದೆ.

ಇಷ್ಟೆಲ್ಲ ಹೇಳುವ ನಾನು ಏನು ಮಾಡಿದೆನೆಂದು ನೀವು ಕೇಳಬಹುದು. 2009ರ ತೀರ್ಪು ಬಂದ ವಾರ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಅದು ಸರಿಯಾದ ತೀರ್ಪೆಂದು ಗಟ್ಟಿಯಾಗಿಯೇ ವಾದಿಸಿದ್ದೆ. ಅದೇ ತಿಂಗಳು ಒಂದು ದೇವಸ್ಥಾನದ ಸಭಾಂಗಣದಲ್ಲಿ ಪ್ರತಿಭಾ ಪುರಸ್ಕಾರದ ಅಧ್ಯಕ್ಷತೆ ವಹಿಸಬೇಕಾಯಿತು. ಮಾತು ಮುಗಿದ ಮೇಲೆ ಹುಡುಗನೊಬ್ಬ ಎದ್ದು ಆ ತೀರ್ಪಿನ ಬಗ್ಗೆ ಕೇಳಿದ. ಮುಂದಿನ ಸಾಲಿನಲ್ಲಿ ಧರ್ಮದರ್ಶಿಗಳು, ಊರ ಹಿರಿಯರು, ಒಬ್ಬ ಸ್ವಾಮಿಗಳು. ‘ಇದು ನಮ್ಮ ಸಂಸ್ಕೃತಿಯ ಹಿನ್ನೆಲೆಯಲ್ಲಿ ಆಳವಾಗಿ ಚಿಂತಿಸಬೇಕಾದ ವಿಷಯ’ ಎಂದು ಹೇಳಿ ಕುಳಿತೆ. ಚಪ್ಪಾಳೆ ಬಂತು. ನನಗೆ ಬೇಕಾಗಿದ್ದುದು ಓಟಲ್ಲ, ಒಂದು ಶಾಲು. ಆ ಹುಡುಗನ ಮುಖ ಮಾತ್ರ ಇನ್ನೂ ಮರೆತಿಲ್ಲ. ಅವನು ತನಗಾಗಿ ಕೇಳಿದನೊ, ಸುಮ್ಮನೆ ಕೇಳಿದನೊ, ಎಂದೂ ತಿಳಿಯಲಿಲ್ಲ.

ಸರ್ಕಾರ 2023ರಲ್ಲಿ ನ್ಯಾಯಾಲಯಕ್ಕೆ ಹೇಳಿದ ಇನ್ನೊಂದು ಮಾತು, ಇವು ನಗರದ ಮೇಲ್ವರ್ಗದವರ ಬಯಕೆಗಳು ಎಂಬುದು. ಈ ಮಾತಿಗೆ ನಮ್ಮಂಥ ಚಿಕ್ಕ ಊರಿನವರು ಉತ್ತರ ಕೊಡಬೇಕು. 1987ರಲ್ಲಿ ಮಧ್ಯಪ್ರದೇಶದಲ್ಲಿ ಮದುವೆಯಾಗಿ ಕೆಲಸ ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು ಪೊಲೀಸ್ ಪೇದೆಗಳು. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಪ್ರಕಟವಾದದ್ದು 2013ರಲ್ಲಿ, ಸರ್ವೋಚ್ಚ ನ್ಯಾಯಾಲಯ ಹಿಂದಕ್ಕೆ ಹೆಜ್ಜೆಯಿಟ್ಟ ವರ್ಷವೇ. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ಹುಟ್ಟಿ ಬೆಳೆದ ಲೇಖಕರು ತಮ್ಮ ಹೆಸರನ್ನು ಮುಚ್ಚಿಡದೆ ಬರೆದರು. ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಓದಿದವರು ಯಾರು? ಕನ್ನಡ ಓದುವವರು, ದೇವರ ಮನೆಯಲ್ಲಿ ದೀಪ ಹಚ್ಚಿ ಬಂದು ಪುಸ್ತಕ ಹಿಡಿಯುವವರು. ನಮ್ಮ ನಾಯಕರು ಹೆದರುವುದು ಇದೇ ಜನಕ್ಕೆ.

2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಕರಪತ್ರ ಹಿಡಿದು ಒಂದು ಪಕ್ಷದ ಹುಡುಗರು ನಮ್ಮ ಬೀದಿಗೆ ಬಂದರು. ಕುಳ್ಳಿರಿಸಿ, ನೀರು ಕೊಟ್ಟು, “ಗಂಡು ಗಂಡು ಜೊತೆಯಾಗಿ ಬಾಳುವವರ ವಿಷಯದಲ್ಲಿ ನಿಮ್ಮ ಅಭ್ಯರ್ಥಿ ಏನು ಹೇಳುತ್ತಾರಪ್ಪ?” ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ದೊಡ್ಡವನು ಹೇಳಿದ: “ಮೇಷ್ಟ್ರೇ, ಅದೆಲ್ಲ ಮೇಲಿನವರಿಗೆ ಬಿಟ್ಟಿದ್ದು. ನಮ್ಮಣ್ಣ ಗೆದ್ದರೆ ನಿಮ್ಮ ಬೀದಿ ದೇವಸ್ಥಾನಕ್ಕೆ ಗೋಪುರ ಕಟ್ಟಿಸಿಕೊಡ್ತಾರೆ.” ಗೋಪುರ ಬೇಡವೆಂದು ನಾನೂ ಹೇಳಲಿಲ್ಲ.

ಆ ವರ್ಷದ ಕೊನೆಯ ಭಾಗದಲ್ಲಿ ನನ್ನ ವಿದ್ಯಾರ್ಥಿ ಮತ್ತೆ ಬಂದಿದ್ದ, ಈ ಸಲ ಗೆಳೆಯನನ್ನೂ ಕರೆದುಕೊಂಡು. ನ್ಯಾಯಾಲಯ ಹೇಳಿದಂತೆ ಕೇಂದ್ರದ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಆಗಿದೆ. ಇಂಥ ಜೋಡಿಗಳನ್ನು ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಎಣಿಸಬೇಕೆಂದು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ನಾಮಿನಿಯಾಗಲು ಅಡ್ಡಿಯಿಲ್ಲವೆಂದು, ಹತ್ತಿರದ ನೆಂಟರು ಸಿಗದಿದ್ದರೆ ಶವವನ್ನು ಪಡೆಯಬಹುದೆಂದು ಇಲಾಖೆಗಳು ಸೂಚನೆ ಕಳಿಸಿವೆ. ಇವಾವುದನ್ನೂ ಯಾವ ನಾಯಕರೂ ಯಾವ ವೇದಿಕೆಯಲ್ಲೂ ಹೇಳಿದ್ದನ್ನು ನಾನು ಕೇಳಿಲ್ಲ. ಇಬ್ಬರೂ ಜಂಟಿ ಖಾತೆ ತೆರೆದಿದ್ದರು. ಪಾಸ್‌ಪುಸ್ತಕ ತೋರಿಸಿದರು. ನಾಮಿನಿಯ ಕಾಗದದಲ್ಲಿ ‘ಸಂಬಂಧ’ ಎಂಬ ಕಡೆ ಏನು ಬರೆದಿರಿ ಎಂದು ಕೇಳಿದೆ. ಗುಮಾಸ್ತರು ಒಳ್ಳೆಯವರಂತೆ; ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ತಾವೇ ‘ಸ್ನೇಹಿತ’ ಎಂದು ತುಂಬಿದರಂತೆ.